ಬೇಸಗೆಯ ಮಳೆ, ಅಜ್ಜನ ಮನೆ

ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಮಲೆನಾಡಿನ ಅಜ್ಜನ ಮನೆಗಳಿಗೆ ಜೀವ ಬರುತ್ತದೆ. ವರ್ಷವೆಲ್ಲ ಇಬ್ಬರೇ ಮುದುಕರು ಓಡಾಡಿಕೊಂಡಿದ್ದ ಜಗಲಿಯಲ್ಲಿ ಬೆಂಗಳೂರು, ಮೈಸೂರುಗಳಿಂದ ಬಂದಿಳಿದ ಮೊಮ್ಮಕ್ಕಳ ಗದ್ದಲ ತುಂಬುತ್ತದೆ. ತಂದೆತಾಯಿಗಳಿಗೂ ಅದು ಅನುಕೂಲದ ಕಾಲ. ಹಿಮಾಲಯದ ಬದರಿ, ಕೇದಾರಗಳ ಬಾಗಿಲು ತೆರೆಯುವುದು ಏಪ್ರಿಲ್ ಕೊನೆಯಲ್ಲಿ ಇಲ್ಲವೆ ಮೇ ತಿಂಗಳಲ್ಲಿ. ಮಕ್ಕಳನ್ನು ಹಿರಿಯರ ವಶಕ್ಕೊಪ್ಪಿಸಿ, ಎರಡು ವಾರದ ಮಟ್ಟಿಗೆ ಯಾತ್ರೆಗೋ ಪ್ರವಾಸಕ್ಕೋ ಹೊರಡುವ ದಂಪತಿಗಳು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆ ಅಪರೂಪವಲ್ಲ. "ಮಕ್ಕಳು ಜೋಪಾನ" ಎಂದು ಅವರು ಹೇಳಿಹೋಗುವ ಎರಡು ಮಾತು ಕೇಳುವುದಕ್ಕೆ ಹಗುರ, ಹೊರುವುದಕ್ಕೆ ಹಗುರವಲ್ಲ. ಏಕೆಂದರೆ ಆ ಸೀಮೆಯಲ್ಲಿ ಗುಡುಗು ಸಿಡಿಲುಗಳ ಕಾಲವೂ ಅದೇ.

ಹೊರಗಿನವರು ಜುಲೈ ತಿಂಗಳ ಜಡಿಮಳೆಯನ್ನೇ ಮಲೆನಾಡಿನ ಉಗ್ರರೂಪವೆಂದು ತಿಳಿಯುವುದುಂಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಬಹುಪಾಲು ಮುಂಗಾರಿನದೆಂಬುದು ನಿಜ. ಆದರೆ ಆ ಮಳೆ ಹಗಲಿರುಳು ಸುರಿಯುತ್ತದೆಯೇ ಹೊರತು ಹೆಚ್ಚಾಗಿ ಗುಡುಗುವುದಿಲ್ಲ. ಗುಡುಗಿನ ಆರ್ಭಟವೆಲ್ಲ ಬೇಸಗೆಯ ಮಳೆಗೆ ಸೇರಿದ್ದು. ಹಗಲೆಲ್ಲ ಕಾದ ನೆಲದ ಮೇಲಿನ ಬಿಸಿಗಾಳಿಯು ಅರಬ್ಬೀ ಸಮುದ್ರದ ತೇವವನ್ನು ಹೊತ್ತು ಮೇಲೇರಿ, ಹತ್ತು ಕಿಲೋಮೀಟರಿಗೂ ಎತ್ತರವಾದ ಮೋಡವಾಗಿ ನಿಂತು, ಇಳಿಹೊತ್ತಿಗೆ ಒಮ್ಮೆಲೇ ಕವಿದು ಬೀಳುತ್ತದೆ.

ಹಿರಿಯರು ಈ ಮಳೆಗಳನ್ನು ಹೆಸರಿಟ್ಟು ಕರೆಯುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂಬುದು ಅವರ ಲೆಕ್ಕ. ಏಪ್ರಿಲ್ ನಡುವೆ ಅಶ್ವಿನಿ, ಕೊನೆಗೆ ಭರಣಿ. ಮೇ ನಡುವೆ ಕೃತ್ತಿಕಾ, ಕೊನೆಗೆ ರೋಹಿಣಿ. ಭರಣಿಯ ಮಳೆಯಾದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯೇ ಇದೆ. ಹೆಸರಿಲ್ಲದ ಶತ್ರುವಿಗಿಂತ ಹೆಸರುಳ್ಳ ಅತಿಥಿಯನ್ನು ಎದುರುಗೊಳ್ಳುವುದು ಸುಲಭವೆಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಮಳೆಯ ಮುನ್ಸೂಚನೆ ದೊರೆಯುವುದು ಅಂಗಳದಲ್ಲಿ. ಅಲ್ಲಿ ಚಾಪೆಗಳ ಮೇಲೆ ಹಲಸಿನ ಹಪ್ಪಳ ಹರಡಿರುತ್ತದೆ. ಕಾಗೆ ಕಾಯುವ ಕೆಲಸ ಮಕ್ಕಳದು. ಕಾದ ಹಪ್ಪಳಗಳಲ್ಲಿ ಕಾಗೆಯ ಪಾಲೆಷ್ಟು, ಕಾವಲುಗಾರರ ಪಾಲೆಷ್ಟು ಎಂಬುದನ್ನು ಅಜ್ಜಿ ಕೇಳಲು ಹೋಗುವುದಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಎಲೆ ಅಲುಗದಂತೆ ಗಾಳಿ ನಿಲ್ಲುತ್ತದೆ, ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ಗುಡ್ಡದ ಹಿಂದೆ ಕಪ್ಪೇರಿದ್ದನ್ನು ಕಂಡ ಅಜ್ಜ ಒಂದು ಕೂಗು ಹಾಕುತ್ತಾನೆ. ಆಮೇಲೆ ಯಾರಿಗೂ ಬಿಡುವಿಲ್ಲ. ಚಾಪೆ ಸುತ್ತುವವರು, ಸೌದೆಗೆ ತಾಡಪಾಲು ಹೊದಿಸುವವರು, ಕರುವನ್ನು ಕೊಟ್ಟಿಗೆಗೆ ಎಳೆಯುವವರು, ಲಾಟೀನಿನ ಬುರುಡೆ ಒರೆಸುವವರು. ನಾಲ್ಕು ವರ್ಷದ ಕೂಸಿಗೂ ಒಂದು ಕೆಲಸ ಉಂಟು: ಬೆಂಕಿಪೆಟ್ಟಿಗೆಯನ್ನು ಒದ್ದೆಯಾಗದಂತೆ ಹಿಡಿದುಕೊಂಡು ಕುಳಿತಿರುವುದು. ಬೆಂಕಿಪೆಟ್ಟಿಗೆಗೆ ಕಾವಲಿನ ಅಗತ್ಯವಿಲ್ಲ. ಕೂಸಿಗೆ ಮಾತ್ರ ಆ ಕೆಲಸದ ಅಗತ್ಯವಿದೆ. ಕೈಗೆ ಕೆಲಸವಿರುವಷ್ಟು ಹೊತ್ತು ಅದಕ್ಕೆ ತಾಯಿಯ ನೆನಪಾಗಿ ಅಳು ಬರುವುದಿಲ್ಲ.

ಮೊದಲ ಸಿಡಿಲಿಗೇ ವಿದ್ಯುತ್ತು ಹೋಗುತ್ತದೆ. ಗಾಳಿಗೆ ತೋಟದಲ್ಲಿ ಅಡಕೆಮರಗಳು ಒಂದಾದ ಮೇಲೊಂದು ಮುರಿಯುವ ಸದ್ದು ಕೇಳಿಬರುತ್ತದೆ. ಒಂದು ಅಡಕೆಮರ ಬಿತ್ತೆಂದರೆ ಮತ್ತೆ ಫಲ ಕಾಣಲು ಐದಾರು ವರ್ಷವಾದರೂ ಕಾಯಬೇಕು. ಅಜ್ಜನ ಕಿವಿ ಆ ಕಡೆಗೇ ಇರುತ್ತದೆ. ಆದರೂ ಆತನ ಬಾಯಿ ಮಕ್ಕಳಿಗೆ ಹುಲಿಯ ಕಥೆಯನ್ನು ಹೇಳುತ್ತಿರುತ್ತದೆ. ಆಗ ಅಜ್ಜಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಸತೊಡಗುತ್ತಾಳೆ. ಗುಡುಗಿದಾಗ ಆ ಹೆಸರುಗಳನ್ನು ಹೇಳಿಕೊಂಡರೆ ಸಿಡಿಲು ತಾಗದೆಂಬ ನಂಬಿಕೆ ನಾಡಿನಲ್ಲಿ ಬಹು ಹಳೆಯದು.

ಒಂಬತ್ತನೆಯ ತರಗತಿಯ ಮೊಮ್ಮಗಳಿದ್ದರೆ ಇದರಲ್ಲಿ ಬೇರೊಂದು ಉಪಯೋಗವನ್ನು ಕಂಡಾಳು. ಮಿಂಚಿನ ಬೆಳಕು ಕಣ್ಣಿಗೆ ಬೀಳುವುದು ಆ ಕ್ಷಣವೇ. ಶಬ್ದವಾದರೋ ಸೆಕೆಂಡಿಗೆ ಸುಮಾರು 340 ಮೀಟರಿನಂತೆ ನಡೆದು ಬರಬೇಕು. ಮಿಂಚಿದ ಕೂಡಲೇ ಸೆಕೆಂಡಿಗೊಂದರಂತೆ ಹೆಸರು ಹೇಳುತ್ತ ಹೋದರೆ ಮೂರು ಹೆಸರಿಗೆ ಒಂದು ಕಿಲೋಮೀಟರು ಆಯಿತು. ಹತ್ತೂ ಮುಗಿದ ಮೇಲೆ ಗುಡುಗಿದರೆ ಸಿಡಿಲು ಮೂರು ಕಿಲೋಮೀಟರಿಗೂ ಆಚೆ. ನಾಲ್ಕನೆಯ ಹೆಸರಿಗೇ ಗುಡುಗಿದರೆ ಅದು ಊರಿನ ಗಡಿಗೆ ಬಂತೆಂದು ಅರ್ಥ. ಕೌದಿಯೊಳಗೆ ಮುದುಡಿದ್ದ ಚಿಕ್ಕವರು ಈ ಲೆಕ್ಕದ ಆಟಕ್ಕೆ ತಲೆ ಹೊರಹಾಕುತ್ತಾರೆ. ಆದರೆ ಮೂರು ಕಿಲೋಮೀಟರು ಸುರಕ್ಷಿತವಾದ ದೂರವಲ್ಲ. ಮೋಡದಿಂದ ಹತ್ತು ಕಿಲೋಮೀಟರು ದೂರದಲ್ಲಿಯೂ ಸಿಡಿಲು ಹೊಡೆಯಬಲ್ಲದು. ಗುಡುಗು ಕೇಳುವಷ್ಟು ಹತ್ತಿರವಿದ್ದವರು ಮನೆಯೊಳಗೇ ಇರಬೇಕು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಹೊರಬೀಳಬಾರದು.

ಹಿರಿಯರ ಎಲ್ಲ ಪದ್ಧತಿಗಳೂ ಇಷ್ಟು ನಿರಪಾಯವಲ್ಲ. ಸಿಡಿಲನ್ನು ಸೆಳೆಯಲೆಂದು ಕಬ್ಬಿಣದ ಕತ್ತಿಯನ್ನು ಅಂಗಳಕ್ಕೆ ಎಸೆಯುವ ರೂಢಿ ಕೆಲವೆಡೆ ಉಂಟು. ನೆಲದ ಮೇಲೆ ಬಿದ್ದ ಕತ್ತಿ ಮನೆಯನ್ನು ಕಾಯಲಾರದು. ಎಸೆಯಲು ಹೊಸ್ತಿಲು ದಾಟಿದವನಿಗೇ ಅಪಾಯ. ಅಂಥ ಹೊತ್ತಿನಲ್ಲಿ ಅಜ್ಜನ ಕೈಯಿಂದ ಕತ್ತಿಯನ್ನು ಮೆಲ್ಲನೆ ತೆಗೆದಿಡುವುದು ಮೊಮ್ಮಕ್ಕಳ ಪಾಲಿನ ಕಾವಲು.

ಹೊರಟುಹೋದವರ ಚಿಂತೆ ಇನ್ನೊಂದು. 2013ರ ಜೂನ್ 16, 17ರಂದು ಕೇದಾರದಲ್ಲಿ ಜಲಪ್ರಳಯವಾಗಿ ಸಾವಿರಾರು ಜನ ಮಡಿದರು; ಕರ್ನಾಟಕದ ನೂರಾರು ಯಾತ್ರಿಕರು ಉತ್ತರಾಖಂಡದಲ್ಲಿ ಸಿಕ್ಕಿಬಿದ್ದಿದ್ದರು. ಆ ದಿನಗಳಲ್ಲಿ ಮಕ್ಕಳೊಡನೆ ಮನೆಯಲ್ಲುಳಿದ ಹಿರಿಯರು ಎರಡು ಮಳೆಗಳನ್ನು ಕಾಯಬೇಕಾಯಿತು: ಹೆಂಚಿನ ಮೇಲೆ ಸುರಿಯುವ ಮೃಗಶಿರೆಯನ್ನು ಒಂದು ಕಿವಿಯಿಂದ, ರೇಡಿಯೋ ದೂರದರ್ಶನಗಳ ಸುದ್ದಿಯನ್ನು ಇನ್ನೊಂದರಿಂದ. ಮಕ್ಕಳಿಗೆ ಹೊತ್ತು ಹೊತ್ತಿಗೆ ಅನ್ನ ಬಡಿಸುತ್ತಲೇ ಅವರು ಈ ಕಾವಲನ್ನು ನಡೆಸಬೇಕಾಗಿತ್ತು.

ಬೇಸಗೆಯ ಮಳೆ ಬಹುಕಾಲ ನಿಲ್ಲುವುದಿಲ್ಲ. ಬೆಳಗಾಗುವಾಗ ಬಾನು ತೊಳೆದಂತಿರುತ್ತದೆ. ಮಕ್ಕಳು ಬುಟ್ಟಿ ಹಿಡಿದು ಕಾಡುಮಾವಿನ ಮರದಡಿಗೆ ಓಡುತ್ತಾರೆ. ಅಜ್ಜ ತೋಟವನ್ನು ಒಂದು ಸುತ್ತು ಹಾಕಿಬಂದು ಮಾತಿಲ್ಲದೆ ಕಾಫಿ ಕುಡಿಯುತ್ತಾನೆ. ಹತ್ತು ಗಂಟೆಯ ಹೊತ್ತಿಗೆ, ರಾತ್ರಿಯೆಲ್ಲ ಮೂಕವಾಗಿದ್ದ ಫೋನಿಗೆ ಜೀವ ಬರುತ್ತದೆ. ದೂರದ ಹರಿದ್ವಾರದಿಂದ ಮಗಳ ದನಿ. "ಇಲ್ಲಿಯೇ? ಏನೂ ಇಲ್ಲವಮ್ಮ, ನಾಲ್ಕು ಹನಿ ಬಿತ್ತು, ಅಷ್ಟೆ" ಎನ್ನುತ್ತಾಳೆ ಅಜ್ಜಿ. ಅಷ್ಟರಲ್ಲಿ ಮೊಮ್ಮಗ ಫೋನನ್ನು ಕಸಿದುಕೊಂಡು, ಬಿದ್ದ ಮರಗಳ ಲೆಕ್ಕವನ್ನು ಒಂದೂ ಬಿಡದೆ ಒಪ್ಪಿಸತೊಡಗುತ್ತಾನೆ.