ಊರಿನ ಗಂಟೆ, ಹೊಸ ಮನೆಯವರ ನಿದ್ದೆ

ಅಕ್ಕಂದಿರೇ, ಬೆಳಗಿನ ಜಾವ ನಿಮ್ಮನ್ನು ಎಬ್ಬಿಸುವುದು ಯಾವ ಸದ್ದು?

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಪ್ರಶ್ನೆ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರಿಗೆ ಕೋಳಿ ಕೂಗು. ಒಬ್ಬರಿಗೆ ದೇವಸ್ಥಾನದ ಗಂಟೆ. ಒಬ್ಬರಿಗೆ ಮಸೀದಿಯ ಬಾಂಗು. ಇನ್ನೊಬ್ಬರು, "ನನ್ನನ್ನ ಎಬ್ಬಿಸೋದು ಮೊದಲ ಬಸ್ಸಿನ ಹಾರನ್ನು ಟೀಚರ್" ಅಂದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ, "ನನ್ನನ್ನ ಯಾರೂ ಎಬ್ಬಿಸೋದಿಲ್ಲ. ನಾನೇ ಎಲ್ಲರನ್ನೂ ಎಬ್ಬಿಸ್ತೀನಿ" ಅಂದರು. ಎಲ್ಲರೂ ನಕ್ಕೆವು.

"ಆ ಸದ್ದು ನಿಮಗೆ ಬೇಜಾರಾ?" ಎಂದು ಕೇಳಿದೆ.

"ಬೇಜಾರು ಯಾಕೆ? ಹುಟ್ಟಿದಾಗಿಂದ ಕೇಳ್ತಾ ಇದೀವಲ್ಲ" ಎಂದರು.

ಹುಟ್ಟಿದಾಗಿನಿಂದ ಕೇಳದೇ ಇದ್ದವರಿಗೆ ಹೇಗಿರುತ್ತದೆ? ಈ ಪಾಠ ಅದರ ಮೇಲೆ. ಇದು ದೂರದ ಫ್ರಾನ್ಸ್ ದೇಶದ ಸಂಗತಿ.

ಫ್ರಾನ್ಸ್ ಯೂರೋಪಿನಲ್ಲಿದೆ. ಅಲ್ಲಿಯೂ ಹಳ್ಳಿಗಳಿವೆ. ದನ ಇವೆ, ಗದ್ದೆ ಇವೆ, ದ್ರಾಕ್ಷಿ ತೋಟ ಇವೆ. ಹಳೆಯ ಹಳ್ಳಿಯ ನಡುವೆ ಒಂದು ಚರ್ಚು ಇರುತ್ತದೆ. ಚರ್ಚಿಗೆ ಎತ್ತರದ ಗೋಪುರ. ಗೋಪುರದಲ್ಲಿ ಕಂಚಿನ ದೊಡ್ಡ ಗಂಟೆ. ತಾಮ್ರ ಮತ್ತು ತವರ ಸೇರಿಸಿ ಕರಗಿಸಿದರೆ ಕಂಚು ಆಗುತ್ತದೆ. ನೂರು ಪಾಲು ಗಂಟೆಯಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ.

ಹೊಸ ಗಂಟೆ ತಂದಾಗ ಅಲ್ಲಿ ಮಗುವಿಗೆ ಮಾಡುವ ಹಾಗೆ ನಾಮಕರಣ ಮಾಡುತ್ತಾರೆ. ಗಂಟೆಗೆ ಹೆಸರು ಇಡುತ್ತಾರೆ. ಮರಿ, ಜಾನ್ ಎಂಬ ಹೆಂಗಸರ ಹೆಸರುಗಳೂ ಇವೆ. ಮಗುವಿಗೆ ಇರುವ ಹಾಗೆ ಗಂಟೆಗೂ ಧರ್ಮದ ತಂದೆ, ಧರ್ಮದ ತಾಯಿ ಇರುತ್ತಾರೆ. ಅವರ ಹೆಸರನ್ನು ಗಂಟೆಯ ಮೇಲೆ ಅಚ್ಚು ಹಾಕಿಸುತ್ತಾರೆ. ಓದು ಬಾರದ ಕಾಲದಲ್ಲೂ ಎಷ್ಟೋ ಹೆಂಗಸರ ಹೆಸರು ಹೀಗೆ ಗೋಪುರದ ತುದಿಯಲ್ಲಿ ಉಳಿದಿದೆ.

ಈ ಗಂಟೆ ಏನು ಕೆಲಸ ಮಾಡುತ್ತಿತ್ತು? ಆಗ ಮನೆ ಮನೆಗೆ ಗಡಿಯಾರ ಇರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದಿನಕ್ಕೆ ಮೂರು ಸಲ ಪ್ರಾರ್ಥನೆಯ ಗಂಟೆ ಬಾರಿಸುತ್ತಿದ್ದರು. ಅದೇ ಕೆಲಸದ ಲೆಕ್ಕವೂ ಆಗುತ್ತಿತ್ತು. ಬೆಳಗಿನ ಗಂಟೆಗೆ ಹೊಲಕ್ಕೆ ಹೋಗು. ಮಧ್ಯಾಹ್ನದ ಗಂಟೆಗೆ ಊಟ. ಸಂಜೆ ಗಂಟೆಗೆ ಮನೆಗೆ ಬಾ. ಒಲೆಯ ಮುಂದೆ ಇದ್ದವಳು ಅದನ್ನು ಕೇಳಿ ಸಾರು ಇಳಿಸುತ್ತಿದ್ದಳು. ನಮ್ಮ ಮಾತಿನಲ್ಲೂ ನೋಡಿ. ಬಾರಿಸುವುದಕ್ಕೂ ಗಂಟೆ ಅನ್ನುತ್ತೇವೆ. ಹೊತ್ತಿಗೂ ಗಂಟೆ ಅನ್ನುತ್ತೇವೆ.

ಬೆಂಕಿ ಬಿದ್ದರೆ ಬೇಗ ಬೇಗ ಬಾರಿಸುವ ಗಂಟೆ ಬೇರೆ. ಮದುವೆಯ ಗಂಟೆ ಬೇರೆ. ಸಾವಿನ ಗಂಟೆ ನಿಧಾನ. ಕೆಲವು ಕಡೆ ಸತ್ತವರು ಗಂಡಸಾದರೆ ಒಂದು ಲೆಕ್ಕದ ಹೊಡೆತ, ಹೆಂಗಸಾದರೆ ಇನ್ನೊಂದು ಲೆಕ್ಕ. ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರಿಗೆ ಎಣಿಸಿದರೆ ಸುದ್ದಿ ಗೊತ್ತಾಗುತ್ತಿತ್ತು. ಅಕ್ಷರ ಬಾರದವರೂ ಓದುತ್ತಿದ್ದ ಪತ್ರಿಕೆ ಅದು.

1914ರ ಆಗಸ್ಟ್ 1ರಂದು ಫ್ರಾನ್ಸಿನ ಹಳ್ಳಿಗಳಲ್ಲಿ ಅಪಾಯದ ಗಂಟೆ ಬಾರಿಸಿತು. ಅದು ಕೊಯ್ಲಿನ ಕಾಲ. ಗಂಡಸರು ಕುಡುಗೋಲು ಕೆಳಗೆ ಇಟ್ಟು ಯುದ್ಧಕ್ಕೆ ಹೋದರು. ನಾಲ್ಕು ವರ್ಷದ ನಂತರ, 1918ರ ನವೆಂಬರ್ 11ರಂದು ಅದೇ ಗಂಟೆಗಳು ಯುದ್ಧ ನಿಂತಿತು ಎಂದು ಸಾರಿದವು. ಎಷ್ಟೋ ಮನೆಗಳಿಗೆ ಹೋದವರು ತಿರುಗಿ ಬರಲೇ ಇಲ್ಲ. ಅಂಥ ಊರಿನವರಿಗೆ ಗಂಟೆ ಬರೀ ಸದ್ದಲ್ಲ.

ಈಗ ಗಂಟೆಯ ಹಗ್ಗ ಎಳೆಯುವವರು ಕಡಿಮೆ. ಹೆಚ್ಚಿನ ಕಡೆ ಕರೆಂಟಿನ ಮೋಟಾರು ಬಂದಿದೆ. ಆದರೆ ಗಂಟೆ ನಿಂತಿಲ್ಲ. ಎಷ್ಟೋ ಊರುಗಳಲ್ಲಿ ಗೋಪುರದ ಗಡಿಯಾರ ಪ್ರತಿ ಗಂಟೆಗೂ ಹೊಡೆಯುತ್ತದೆ. ಕೆಲವು ಊರಿನಲ್ಲಿ ಒಂದು ಸಲ ಹೊಡೆದು, ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯುತ್ತದೆ. ಮೊದಲ ಸಲ ಎಣಿಕೆ ತಪ್ಪಿದವರು ಎರಡನೇ ಸಲ ಎಣಿಸಿಕೊಳ್ಳಲಿ ಎಂದು.

ಇಂಥ ಹಳ್ಳಿಗೆ ಹೊಸಬರು ಬರುತ್ತಾರೆ. ಪಟ್ಟಣದಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ರಜೆಗೆ ಒಂದು ಮನೆ ಇರಲಿ ಎಂದು ಕೊಂಡವರು. ಪಟ್ಟಣದ ಬಾಡಿಗೆ ಕಟ್ಟಲಾಗದೆ ಬಂದವರು. ಮನೆ ನೋಡಲು ಬಂದ ದಿನ ಎಲ್ಲ ಚೆಂದ. ಹಸಿರು ಚೆಂದ, ಗಾಳಿ ಚೆಂದ, ಚರ್ಚಿನ ಗೋಪುರವೂ ಚೆಂದ. ಬಂದು ಮಲಗಿದ ಮೇಲೆ ಗೋಪುರ ಮಾತಾಡುತ್ತದೆ.

ಹೊಸಬರು ಮೇಯರ್ ಹತ್ತಿರ ಹೋಗುತ್ತಾರೆ. ಅಲ್ಲಿ ಸಣ್ಣ ಹಳ್ಳಿಗೂ ಮೇಯರ್ ಇರುತ್ತಾರೆ. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರು ಇದ್ದ ಹಾಗೆ ಎಂದು ತಿಳಿಯಿರಿ. ಚರ್ಚಿನ ಗಂಟೆಗೆ ಮೇಯರ್ ಯಾಕೆ? ಇದಕ್ಕೆ ಕಾರಣ ಇದೆ. 1905ರಲ್ಲಿ ಫ್ರಾನ್ಸ್ ಒಂದು ಕಾನೂನು ಮಾಡಿತು. ಸರಕಾರ ಬೇರೆ, ಧರ್ಮ ಬೇರೆ ಎಂದಿತು. ಅದಕ್ಕೆ ಮೊದಲು ಕಟ್ಟಿದ ಹಳ್ಳಿಯ ಚರ್ಚುಗಳು ಹೆಚ್ಚಾಗಿ ಊರಿನ ಆಸ್ತಿ ಆದವು. ಗಂಟೆ ಬಾರಿಸುವ ನಿಯಮವನ್ನು ಮೇಯರ್ ಮಾಡಬೇಕು. ಮೇಯರಿಗೂ ಚರ್ಚಿನವರಿಗೂ ಒಪ್ಪಿಗೆ ಆಗದಿದ್ದರೆ ನಮ್ಮ ಜಿಲ್ಲಾಧಿಕಾರಿಯಂಥ ದೊಡ್ಡ ಅಧಿಕಾರಿ ತೀರ್ಮಾನ ಮಾಡಬೇಕು. ಪ್ರಾರ್ಥನೆಯ ಗಂಟೆ ಒಂದು ತರಹ. ಹೊತ್ತು ತಿಳಿಸುವ ಗಂಟೆ ಇನ್ನೊಂದು ತರಹ. ಎರಡಕ್ಕೂ ಲೆಕ್ಕ ಬೇರೆ.

ಸೇನ್ ಎಂಬ ನದಿಯ ದಡದಲ್ಲಿ ಬ್ವಾಸೆಟ್ ಎಂಬ ಪುಟ್ಟ ಹಳ್ಳಿ ಇದೆ. ಅಲ್ಲಿ ಹೊತ್ತಿನ ಗಂಟೆ ನಿಲ್ಲಿಸಿ ಎಂದು ದೂರು ಬಂತು. ಮೇಯರ್ ಒಪ್ಪಲಿಲ್ಲ. ಮಾತು ಕೋರ್ಟಿಗೆ ಹೋಯಿತು. ಒಂದು ಕೋರ್ಟು ಊರಿನ ವಿರುದ್ಧ ಹೇಳಿತು. 1905ಕ್ಕೂ ಮುಂಚೆ ಇಲ್ಲಿ ಈ ರೂಢಿ ಇರಲೇಬೇಕು ಎಂಬುದು ಅದರ ವಾದ. ಊರಿನವರು ಮೇಲಿನ ಕೋರ್ಟಿಗೆ ಹೋದರು. 2015ರ ಅಕ್ಟೋಬರಿನಲ್ಲಿ ಮೇಲಿನ ಕೋರ್ಟು ಆ ವಾದ ಒಪ್ಪಲಿಲ್ಲ. ನೂರು ವರ್ಷದ ಹಿಂದಿನ ಲೆಕ್ಕ ಬೇಡ, ಊರಿನಲ್ಲಿ ತಪ್ಪದೆ ನಡೆದುಕೊಂಡು ಬಂದಿದ್ದರೆ ಅದು ರೂಢಿಯೇ ಎಂದಿತು. ಒಂದು ಗಂಟೆಗಾಗಿ ಎಷ್ಟು ಕೋರ್ಟು ನೋಡಿ! ವಕೀಲರ ಫೀಸು ಕೊಟ್ಟವರಿಗೇ ಗೊತ್ತು.

ಗಂಟೆಯ ಹಾಗೇ ಕೋಳಿಯ ಮೇಲೂ ದೂರು ಹೋಯಿತು. ಒಲೆರೊನ್ ಎಂಬ ದ್ವೀಪದಲ್ಲಿ ಮೊರೀಸ್ ಎಂಬ ಹೆಸರಿನ ಹುಂಜ ಇತ್ತು. ಪಕ್ಕದಲ್ಲಿ ರಜೆಯ ಮನೆ ಮಾಡಿಕೊಂಡಿದ್ದ ಗಂಡ ಹೆಂಡತಿ ಅದರ ಕೂಗಿನ ಮೇಲೆ ಕೇಸು ಹಾಕಿದರು. 2019ರ ಸೆಪ್ಟೆಂಬರ್ 5ರಂದು ಕೋರ್ಟು ಹುಂಜದ ಕಡೆ ತೀರ್ಪು ಕೊಟ್ಟಿತು. ಹುಂಜದ ಒಡತಿಗೆ 1000 ಯೂರೋ ಕೊಡಿ ಎಂದು ದೂರು ಕೊಟ್ಟವರಿಗೆ ಹೇಳಿತು. ಯೂರೋ ಅಂದರೆ ಅಲ್ಲಿಯ ಹಣ.

ಅದೇ ವರ್ಷ ಗಜಾಕ್ ಎಂಬ ಹಳ್ಳಿಯ ಮೇಯರ್ ಒಂದು ಬಹಿರಂಗ ಪತ್ರ ಬರೆದರು. ಚರ್ಚಿನ ಗಂಟೆ, ಕೋಳಿ ಕೂಗು, ದನದ ಅಂಬಾ, ಇವನ್ನೆಲ್ಲ ದೇಶದ ಆಸ್ತಿ ಎಂದು ಬರೆದುಕೊಳ್ಳಿ ಎಂದು ಕೇಳಿದರು. ಹಳೆಯ ಕೋಟೆ, ಅರಮನೆಗಳನ್ನು ಕಾಪಾಡುವ ಹಾಗೆ ಈ ಸದ್ದನ್ನೂ ಕಾಪಾಡಿ ಎಂಬುದು ಅವರ ಮಾತು. 2021ರ ಜನವರಿ 29ರಂದು ಇದರ ಮೇಲೆ ಒಂದು ಕಾನೂನೇ ಬಂತು. ಹಳ್ಳಿಯ ಪರಿಸರ ಅಂದರೆ ನೆಲ, ನೀರು, ಗಿಡ ಮಾತ್ರ ಅಲ್ಲ. ಅಲ್ಲಿನ ಸದ್ದು, ಅಲ್ಲಿನ ವಾಸನೆ ಕೂಡ ಪರಿಸರವೇ ಎಂದಿತು. ವಾಸನೆ ಅಂದರೆ ತಿಪ್ಪೆಯ ವಾಸನೆಯೂ ಸೇರಿತು!

2024ರ ಏಪ್ರಿಲಿನಲ್ಲಿ ಇನ್ನೊಂದು ಕಾನೂನು ಬಂತು. ನೀವು ಬರುವ ಮೊದಲೇ ಅಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಅದು ಕಾನೂನಿನ ಪ್ರಕಾರ ಇತ್ತು. ನೀವು ಬಂದ ಮೇಲೆ ಅದು ಹೆಚ್ಚೇನೂ ಆಗಿಲ್ಲ. ಹಾಗಿದ್ದರೆ ಅದರ ತೊಂದರೆಗೆ ಪರಿಹಾರ ಕೇಳುವಂತಿಲ್ಲ. ಕಾನೂನಿನ ಸಾರ ಇಷ್ಟು.

ಇಷ್ಟು ಓದಿದಾಗ ಕೇಂದ್ರದಲ್ಲಿ ಎಲ್ಲರೂ ಗಂಟೆಯ ಕಡೆಯೇ ಇದ್ದರು. "ಗಂಟೆ ಬೇಡ ಅಂದ್ರೆ ಆ ಊರಿಗೆ ಬರಬಾರ್ದಿತ್ತು. ಕರೆದಿದ್ದು ಯಾರು?" ಅಂದರು.

ಆಗ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: "ಟೀಚರ್, ನಾನೂ ಈ ಊರಿಗೆ ಹೊಸಬಳೇ ಅಲ್ವಾ? ನಮ್ಮನೇಲಿ ಏನು ಕೇಳಿದ್ರೂ ಇದೇ ಮಾತು. ಮೊದಲಿಂದ ಹೀಗೇ ನಡೆದು ಬಂದಿದೆ, ನೀನು ಹೊಂದ್ಕೋ ಅಂತಾರೆ."

ಯಾರೂ ಮಾತಾಡಲಿಲ್ಲ. ಕೂತಿದ್ದವರಲ್ಲಿ ಹೆಚ್ಚಿನವರು ಬೇರೆ ಊರಿಂದ ಬಂದ ಸೊಸೆಯರೇ. ನಾನೂ ಅಷ್ಟೇ. ಮೊದಲು ಬಂದವರ ಮಾತೇ ಸರಿ ಎಂದು ಒಪ್ಪಿದರೆ ನಾವು ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಅದಕ್ಕೆ ನಾವು ಒಂದು ಲೆಕ್ಕ ಮಾಡಿದೆವು. ನೀವೂ ಸ್ಲೇಟು ತೆಗೆದುಕೊಳ್ಳಿ.

ರಾತ್ರಿ ಹತ್ತು ಗಂಟೆಗೆ ಗಡಿಯಾರ 10 ಏಟು ಹೊಡೆಯುತ್ತದೆ. ಹನ್ನೊಂದಕ್ಕೆ 11. ಹನ್ನೆರಡಕ್ಕೆ 12. ಆಮೇಲೆ 1, 2, 3, 4, 5, 6. ಎಲ್ಲ ಕೂಡಿಸಿ. 54 ಬಂತಾ? ಕೆಲವು ಗೋಪುರಗಳಲ್ಲಿ ಕಾಲು ಗಂಟೆಗೂ ಹೊಡೆಯುತ್ತದೆ. ಕಾಲಿಗೆ 1, ಅರ್ಧಕ್ಕೆ 2, ಮುಕ್ಕಾಲಿಗೆ 3, ಪೂರ್ತಿಗೆ 4. ಒಂದು ತಾಸಿಗೆ 10 ಏಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ 9 ತಾಸು. ಅಲ್ಲಿಗೆ 90 ಏಟು. ಎರಡೂ ಸೇರಿಸಿದರೆ 144. ಹಳ್ಳಿಯ ಒಂದು ತುದಿಯಲ್ಲಿ ಇದ್ದವರಿಗೆ ಇದು ಜೋಗುಳ. ಗೋಪುರದ ಕೆಳಗೇ ಮನೆ ಇದ್ದವರಿಗೆ? ಮನೆಯಲ್ಲಿ ಎಳೆ ಕೂಸು ಇದ್ದರೆ? ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬಂದು ಮಲಗುವ ನರ್ಸು ಇದ್ದರೆ?

ಲೆಕ್ಕ ಮುಗಿದ ಮೇಲೆ ಅಜ್ಜಿ ಹೇಳಿದರು: "ರಾತ್ರಿ ಹೊತ್ತು ಯಾರಿಗೆ ಬೇಕು ಗಂಟೆ? ಹೊಲಕ್ಕೆ ಹೋಗೋರು ಯಾರು?"

ಇದೇ ಪ್ರಶ್ನೆ ಫ್ರಾನ್ಸಿನ ಪಕ್ಕದ ಸ್ವಿಟ್ಜರ್ಲೆಂಡ್ ದೇಶದಲ್ಲೂ ಬಂತು. ವೇಡೆನ್ಸ್‌ವಿಲ್ ಎಂಬ ಊರಿನಲ್ಲಿ ಚರ್ಚಿನ ಹತ್ತಿರ ಇದ್ದ ಗಂಡ ಹೆಂಡತಿ ದೂರು ಕೊಟ್ಟರು. ಅವರು ಗಂಟೆಯೇ ಬೇಡ ಎನ್ನಲಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಕಾಲು ಗಂಟೆಯ ಹೊಡೆತ ಮಾತ್ರ ನಿಲ್ಲಿಸಿ ಎಂದರು. ಕೆಳಗಿನ ಕೋರ್ಟು ಸರಿ ಎಂದಿತು. 2017ರ ಡಿಸೆಂಬರಿನಲ್ಲಿ ದೇಶದ ದೊಡ್ಡ ಕೋರ್ಟು ಅದನ್ನು ತಿರುಗಿಸಿತು. ಊರಿನ ಹಳೆಯ ಪದ್ಧತಿ, ಗಂಟೆ ಹೊಡೆಯಲಿ ಎಂದಿತು. ಜಡ್ಜುಗಳಲ್ಲೇ ಎಲ್ಲರೂ ಒಂದೇ ಮಾತು ಹೇಳಲಿಲ್ಲ.

ನನಗೆ ಈ ತೀರ್ಪು ಅಷ್ಟು ಹಿಡಿಸಲಿಲ್ಲ. ಹಗಲಿನ ಗಂಟೆ ಊರಿನದು, ಅದನ್ನು ಕೇಳಿಕೊಂಡೇ ಬದುಕಬೇಕು. ಆದರೆ ರಾತ್ರಿ ಎರಡೂ ಕಾಲಿಗೆ ಒಂದು ಏಟು ಹೊಡೆದು ಯಾರಿಗೆ ಏನು ತಿಳಿಸಬೇಕು? ಮೋಟಾರಿನ ಗಂಟೆಯನ್ನು ರಾತ್ರಿ ಹೊತ್ತು ನಿಲ್ಲಿಸಿ ಇಡುವುದು ಕಷ್ಟದ ಕೆಲಸವಲ್ಲ. ಎಷ್ಟೋ ಊರಿನವರು ಕೋರ್ಟಿಗೆ ಹೋಗದೆ ಹಾಗೆ ಮಾಡಿಕೊಂಡಿದ್ದಾರೆ. ನಮ್ಮ ಕೇಂದ್ರದಲ್ಲಿ ಇಬ್ಬರು ಇದನ್ನು ಒಪ್ಪಲಿಲ್ಲ. "ಇವತ್ತು ರಾತ್ರಿ ಗಂಟೆ ಬೇಡ ಅಂತಾರೆ. ನಾಳೆ ಬೆಳಗ್ಗೆದೂ ಬೇಡ ಅಂತಾರೆ" ಎಂದರು. ಆ ಮಾತನ್ನೂ ತೆಗೆದು ಹಾಕುವಂತಿಲ್ಲ.

ನಮ್ಮ ದೇಶದಲ್ಲಿ ಏನಿದೆ? 2000ನೇ ಇಸವಿಯಲ್ಲಿ ಶಬ್ದ ಮಾಲಿನ್ಯದ ನಿಯಮಗಳು ಬಂದವು. ಸದ್ದನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಜನ ವಾಸ ಮಾಡುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ, ಅಂದರೆ ನಾವು ಹೇಳುವ ಮೈಕು, ಹಾಕುವ ಹಾಗಿಲ್ಲ. ಕೆಲವು ಹಬ್ಬದ ದಿನಗಳಿಗೆ ಮಾತ್ರ ಸರಕಾರ ರಿಯಾಯಿತಿ ಕೊಡಬಹುದು. ಈ ನಿಯಮ ದೇವಸ್ಥಾನಕ್ಕೂ ಒಂದೇ, ಮಸೀದಿಗೂ ಒಂದೇ, ಚರ್ಚಿಗೂ ಒಂದೇ, ಮದುವೆ ಮನೆಗೂ ಒಂದೇ. ಮೊದಲು ಹತ್ತಿರ ಹೋಗಿ ಮಾತಾಡಿ ನೋಡಬಹುದು. ಕೇಳದಿದ್ದರೆ ಪೊಲೀಸರಿಗೆ ದೂರು ಕೊಡಬಹುದು. ದೂರನ್ನು ಬರೆದು ಕೊಡಿ. ಈಗ ನಿಮಗೆ ಬರೆಯಲು ಬರುತ್ತದಲ್ಲ.

ಮಾತಾಡಿ

ನಿಮ್ಮ ಊರಿನಲ್ಲಿ ಯಾವ ಸದ್ದು ನಿಂತರೆ ನಿಮಗೆ ಬೇಸರ ಆಗುತ್ತದೆ? ಯಾವ ಸದ್ದು ನಿಂತರೆ ಸಾಕು ಎನ್ನಿಸುತ್ತದೆ? ಆ ಎರಡನೇ ಸದ್ದು ಬೇಕು ಎನ್ನುವವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು. ಅವರಿಗೆ ಯಾಕೆ ಬೇಕು ಎಂದು ಕೇಳಿ.

ನೀವು ಈ ಊರಿಗೆ ಬಂದ ಮೊದಲ ರಾತ್ರಿ ಕೇಳಿದ ಸದ್ದು ಯಾವುದು? ಅದನ್ನು ನಾಲ್ಕು ಸಾಲು ಬರೆಯಿರಿ.

ಲೆಕ್ಕ ಮಾಡಿ

ಗೋಪುರದ ಗಡಿಯಾರ ಒಂದರಿಂದ ಹನ್ನೆರಡರವರೆಗೆ ಒಟ್ಟು ಎಷ್ಟು ಏಟು ಹೊಡೆಯುತ್ತದೆ? ಹಗಲು ರಾತ್ರಿ ಸೇರಿ ಎಷ್ಟು? ಉತ್ತರವನ್ನು ಮುಂದಿನ ಪಾಠಕ್ಕೆ ಬರುವಾಗ ತನ್ನಿ.