ಜಮೀನಿನ ಫೋಟೋ ಮೇಲೆ ಸಮಪಾತಳಿ ರೇಖೆ: ನಾನು ತಲೆಕೆಳಗಾಗಿ ಎಳೆದ ನಕ್ಷೆ

ಶುಂಠಿ ಹಾಕುವ ನಮಗೆ ಬಿತ್ತನೆ ಗಡ್ಡೆಯ ಉಪಚಾರ ಗೊತ್ತು, ಬೇವಿನ ಹಿಂಡಿ ಗೊತ್ತು, ಟ್ರೈಕೋಡರ್ಮಾ ಗೊತ್ತು. ಮಳೆ ನೀರು ಜಮೀನಿನ ಯಾವ ಮೂಲೆಗೆ ಹೋಗಿ ನಿಲ್ಲುತ್ತೆ ಅನ್ನೋದನ್ನು ಮಾತ್ರ ಕಣ್ಣಂದಾಜಿಗೆ ಬಿಟ್ಟಿರುತ್ತೇವೆ. ಹೊಳೆನರಸೀಪುರ, ಅರಕಲಗೂಡು ಕಡೆ ಸಮತಟ್ಟಾಗಿ ಕಾಣುವ ಹೊಲದಲ್ಲೂ ಒಂದು ಅಡಿ ಏರಿಳಿತ ಇದ್ದೇ ಇರುತ್ತೆ. ಜಡಿಮಳೆ ಹಿಡಿದಾಗ ಗಡ್ಡೆ ಕೊಳೆಯಲು ಅಷ್ಟೇ ಸಾಕು. ಪೀಥಿಯಂ ರೋಗಾಣುವಿಗೆ ನಿಂತ ನೀರು ಸಿಕ್ಕರೆ ಟ್ರೈಕೋಡರ್ಮಾ ಒಂದೇ ಏನೂ ಮಾಡಲಾರದು.

ಹಾಗಾಗಿ ಎರಡು ಎಕರೆಯ ಎತ್ತರ ಅಳೆದು, ಅದನ್ನು ಜಮೀನಿನ ಫೋಟೋ ಮೇಲೆ ಅರೆಪಾರದರ್ಶಕವಾಗಿ ಹಾಸಿ ನೋಡಬೇಕು ಅಂತ ಹೊರಟೆ. ಬರೀ ಸಮಪಾತಳಿ ರೇಖೆ, ಅಂದರೆ ಕಾಂಟೂರ್ ಗೆರೆ, ನೋಡಿದರೆ ಅದು ಯಾವ ಬದುವಿನ ಹತ್ತಿರ ಅಂತ ತಿಳಿಯಲ್ಲ. ಬರೀ ಫೋಟೋದಲ್ಲಿ ತಗ್ಗು ಕಾಣಲ್ಲ. ಎರಡೂ ಒಟ್ಟಿಗೆ ಬೇಕು.

ಎತ್ತರದ ಅಂಕಿಅಂಶ ಪುಕ್ಕಟೆಯಾಗೂ ಸಿಗುತ್ತೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರೇಡಾರ್‌ನಿಂದ ಅಳೆದದ್ದು ಒಂದು, ಇಸ್ರೋದ ಭುವನ್ ತಾಣದ ಕಾರ್ಟೋಡೆಮ್ ಇನ್ನೊಂದು. ಎರಡರಲ್ಲೂ ಒಂದು ಚೌಕ ಸುಮಾರು 30 ಮೀಟರ್. ಒಂದು ಎಕರೆಗೆ ನಾಲ್ಕೈದೇ ಚೌಕ ಬಂತು. ಇಡೀ ಊರಿನ ಹಳ್ಳ ಎತ್ತ ಹರಿಯುತ್ತೆ ಅಂತ ನೋಡಲು ಅದು ಸಾಕು, ಶುಂಠಿ ಮಡಿಗೆ ಸಾಲದು.

ನಾನು ಗಾರೆ ಕೆಲಸದವರ ನೀರಿನ ಪೈಪನ್ನೇ ತಂದೆ. ಪಾರದರ್ಶಕ ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತೆ. ಒಂದು ಗೂಟದ ಬಳಿ ನೆಲದಿಂದ ನೀರಿನ ಮಟ್ಟ 92 ಸೆಂ.ಮೀ., ಇನ್ನೊಂದರ ಬಳಿ 117 ಅಂದರೆ, ಎರಡನೆಯ ಜಾಗ 25 ಸೆಂ.ಮೀ. ತಗ್ಗು. ಪೈಪಿನಲ್ಲಿ ಗಾಳಿ ಗುಳ್ಳೆ ಉಳಿದರೆ ಲೆಕ್ಕ ಕೆಟ್ಟಿತು, ಮೊದಲು ಅದನ್ನು ಹೊರಗೆ ಹಾಕಿ. 80 ಮೀಟರ್ ಅಗಲ, 100 ಮೀಟರ್ ಉದ್ದದ ತಾಕಿನಲ್ಲಿ 10 ಮೀಟರಿಗೊಂದರಂತೆ 99 ಗೂಟ. ತಂಗಿ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಎರಡು ದಿನ ಹಿಡಿಯಿತು. ಬೇಲಿ ಅಂಚಿನ ಗೂಟಗಳನ್ನು ಬಿಡಬೇಡಿ. ಅಳತೆ ಇಲ್ಲದ ಅಂಚಿನಲ್ಲಿ ಗೆರೆಗಳು ಅರ್ಧಕ್ಕೇ ನಿಲ್ಲುತ್ತವೆ, ನೀರು ಹೊರಗೆ ಹೋಗುವುದೂ ಅಲ್ಲಿಂದಲೇ.

ಆಮೇಲೆ ಲ್ಯಾಪ್‌ಟಾಪ್. ಪೈಥಾನ್ ಮತ್ತು ಅದರ ಮ್ಯಾಟ್‌ಪ್ಲಾಟ್‌ಲಿಬ್, ಎರಡೂ ಉಚಿತ. ಇಮ್‌ಶೋ ಎಂಬ ಆಜ್ಞೆ ಫೋಟೋ ಹಾಸುತ್ತೆ, ಕಾಂಟೂರ್‌ಎಫ್ ಅದರ ಮೇಲೆ ಬಣ್ಣದ ಪಟ್ಟೆ ತುಂಬುತ್ತೆ, ಕಾಂಟೂರ್ ಗೆರೆ ಎಳೆಯುತ್ತೆ. ಪಾರದರ್ಶಕತೆಗೆ ಆಲ್ಫಾ ಅನ್ನುವ ಸಂಖ್ಯೆ: 0 ಕೊಟ್ಟರೆ ಬಣ್ಣ ಕಾಣಲ್ಲ, 1 ಕೊಟ್ಟರೆ ಫೋಟೋ ಮುಚ್ಚಿಹೋಗುತ್ತೆ. ನನಗೆ 0.35 ಸರಿಹೋಯಿತು. ಗೆರೆಗಳನ್ನು ಮಾತ್ರ ಪೂರ್ತಿ ಗಾಢವಾಗಿ ಬಿಡಿ. ಹಸಿರು ಬೆಳೆಯ ಮೇಲೆ ಹಸಿರು ಬಣ್ಣ ತುಂಬಿದರೆ ಏನೂ ತಿಳಿಯದು. ಫೋಟೋವನ್ನು ಕಪ್ಪುಬಿಳುಪು ಮಾಡಿ, ತಗ್ಗಿಗೆ ನೀಲಿ, ದಿಬ್ಬಕ್ಕೆ ಕಂದು ಕೊಟ್ಟೆ.

ಚಿತ್ರ ಬಹಳ ಚೆನ್ನಾಗಿ ಬಂತು, ತಪ್ಪಾಗಿದ್ದು ಅಲ್ಲೇ! ನೀಲಿ ಬಣ್ಣ ನೈರುತ್ಯ ಮೂಲೆಯಲ್ಲಿತ್ತು. ಅಲ್ಲೇ ಬಸಿಗಾಲುವೆ ತೋಡಿಸಿದೆ. ಪಕ್ಕದ ಜಮೀನಿನ ತಾತ ಬದು ಮೇಲೆ ನಿಂತು, "ನೀರು ಕೆರೆ ಕಡೆ ಹೋಗ್ತದೆ ಕಣವ್ವಾ, ನೀನು ಮೇಲ್ಗಡೆ ಕಾಲುವೆ ತೋಡ್ಸಿದ್ದೀಯಲ್ಲ" ಅಂದರು. ಕೆರೆ ಇರೋದು ವಾಯುವ್ಯಕ್ಕೆ. ಕಂಪ್ಯೂಟರ್ ಲೆಕ್ಕ ತಾತ, ಅಂತ ನಕ್ಕುಬಿಟ್ಟೆ. ಜುಲೈ ಮಳೆಗೆ ವಾಯುವ್ಯದ ಆರು ಮಡಿ ಕೊಳೆತವು.

ಕಾರಣ ಇಷ್ಟೆ. ಫೋಟೋವನ್ನು ಕಂಪ್ಯೂಟರ್ ಮೇಲಿನ ಸಾಲಿನಿಂದ ಎಣಿಸುತ್ತೆ, ಇಮ್‌ಶೋ ಹಾಗೇ ಹಾಸಿದರೆ ಸೊನ್ನೆ ಮೇಲ್ತುದಿಗೆ ಬರುತ್ತೆ. ನಾನು ಗೂಟ ಎಣಿಸಿದ್ದು ದಕ್ಷಿಣದ ಬೇಲಿಯಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ. ಅದನ್ನೇ ಪಿಕ್ಸೆಲ್ ಲೆಕ್ಕಕ್ಕೆ ಗುಣಿಸಿ ಫೋಟೋ ಮೇಲೆ ಹಾಕಿದ್ದರಿಂದ ಎತ್ತರಗಳು ಉತ್ತರ ದಕ್ಷಿಣ ಅದಲುಬದಲಾದವು. ಫೋಟೋ ನೆಟ್ಟಗಿತ್ತು, ಹಾಗಾಗಿ ಅನುಮಾನ ಬರಲಿಲ್ಲ. ಸರಿಪಡಿಸುವುದು ಒಂದೇ ಸಾಲಿನ ಕೆಲಸ: ಇಮ್‌ಶೋಗೆ ಎಕ್ಸ್‌ಟೆಂಟ್ ಎಂದು 0, 80, 0, 100 ಕೊಡಬೇಕು. ಆಗ ಫೋಟೋ ಮತ್ತು ಗೂಟ ಎರಡೂ ಮೀಟರ್ ಲೆಕ್ಕದಲ್ಲಿ, ಒಂದೇ ಮೂಲೆಯಿಂದ ಕೂತುಕೊಳ್ಳುತ್ತವೆ. ಒರಿಜಿನ್ ಅನ್ನು ಲೋವರ್ ಮಾಡಿ ಅಂತ ಕೆಲವರು ಹೇಳುತ್ತಾರೆ, ಹಾಗೆ ಮಾಡಿದರೆ ಫೋಟೋನೇ ಮಗುಚಿಕೊಳ್ಳುತ್ತೆ. ಫೋಟೋವನ್ನು ಮೊದಲೇ ತಾಕಿನ ನಾಲ್ಕು ಮೂಲೆಗೆ ಸರಿಯಾಗಿ ಕತ್ತರಿಸಿರಬೇಕು, ಓರೆಯಾಗಿ ತೆಗೆದ ಡ್ರೋನ್ ಫೋಟೋ ಇದಕ್ಕೆ ಆಗಲ್ಲ.

ಈಗ ಕಾಲುವೆ ತೋಡುವ ಮೊದಲು ಮೂರು ಗುರುತಿನ ಜಾಗ ಹೋಲಿಸುತ್ತೇನೆ: ಬೋರ್‌ವೆಲ್, ಹಲಸಿನ ಮರ, ನೀರು ಹೊರಹೋಗುವ ತೂಬು. ತೂಬಿನ ಹತ್ತಿರ ಕಂದು ಬಣ್ಣ ಕಂಡರೆ ನಕ್ಷೆ ತಪ್ಪು, ತೂಬು ತಪ್ಪಲ್ಲ. ತಾತನನ್ನೂ ಕರೆದು ತೋರಿಸುತ್ತೇನೆ.

ಪ್ರೋಗ್ರಾಂ ಬರೆಯಲು ಬಾರದವರು ಕ್ಯೂಜಿಐಎಸ್ ಬಳಸಬಹುದು. ಅದೂ ಉಚಿತ, ಪದರದ ಪಾರದರ್ಶಕತೆಯನ್ನು ಇಲಿ ಹಿಡಿದು ಎಳೆದರಾಯಿತು. ಹಾಸನ ಜಿಲ್ಲೆಗೆ ಯುಟಿಎಂ ವಲಯ 43 ಉತ್ತರ ಆರಿಸಿ, ಆಗ ಅಳತೆ ಮೀಟರಿನಲ್ಲೇ ಸಿಗುತ್ತೆ.

ನಕ್ಷೆ ಸರಿಯಾದ ಮೇಲೆ ಕೆಲಸ ಬೆಳೆ ನೋಡಿ. ಶುಂಠಿ, ಆಲೂಗಡ್ಡೆಗೆ ಬಸಿಗಾಲುವೆ ಸಮಪಾತಳಿ ರೇಖೆಗಿಂತ ಸ್ವಲ್ಪ ಇಳಿಜಾರಾಗಿರಲಿ, 10 ಮೀಟರಿಗೆ 3ರಿಂದ 5 ಸೆಂ.ಮೀ. ಸಾಕು. ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಉಲ್ಟಾ, ಅಲ್ಲಿ ಮಳೆ ಕಡಿಮೆ, ನೀರು ಹಿಡಿದು ಇಂಗಿಸಬೇಕು. ಕಂದಕವನ್ನು ಗೆರೆಯ ಮೇಲೇ, ಇಳಿಜಾರಿಲ್ಲದೆ ತೆಗೆಯಿರಿ, ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಹಾಕಿ.