ಸ್ಪ್ರೆಡ್‌ಶೀಟಿನಲ್ಲಿ ಗಣಿತ: ತರಗತಿಯಿಂದ ಕಲಿತದ್ದು

1. ಸೂತ್ರವನ್ನು ಮಕ್ಕಳೇ ಬರೆಯಬೇಕು. ಎಲ್ಲ ತುಂಬಿಟ್ಟ ಹಾಳೆ ಕೈಗಿಟ್ಟರೆ ಅಂಕಿ ಹೊಡೆಯುವುದಷ್ಟೇ ಅವರ ಕೆಲಸವಾಗುತ್ತದೆ. ಖಾಲಿ ಹಾಳೆ ತೆರೆದು ಎ1 ಸೆಲ್‌ನಲ್ಲಿ 5, ಬಿ1ರಲ್ಲಿ ‘=ಎ1*2’ ಬರೆಸಿ. ಆಮೇಲೆ 5 ಅಳಿಸಿ 7 ಹಾಕಿದರೆ ಪಕ್ಕದಲ್ಲಿ ತಾನಾಗಿ 14 ಮೂಡುತ್ತದೆ. ‘ಎಕ್ಸ್ ಅಂದರೆ ಎಷ್ಟು ಸಾರ್?’ ಎಂದು ಕೇಳುತ್ತಿದ್ದ ಮಕ್ಕಳಿಗೆ ಚರಾಕ್ಷರ ಅರ್ಥವಾಗುವುದು ಇಲ್ಲಿ.

2. ಕೈಯಲ್ಲಿ ಮಾಡಿದ ಮೇಲೆ ಕಂಪ್ಯೂಟರ್. ಸಂಭವನೀಯತೆಯ ಪಾಠಕ್ಕೆ ಮೊದಲು ನಿಜವಾದ ದಾಳ ಉರುಳಿಸಲಿ, ಫಲಿತಾಂಶ ನೋಟ್‌ಬುಕ್ಕಿಗೆ ಬರಲಿ. ಆಮೇಲೆ ‘ರ‍್ಯಾಂಡ್‌ಬಿಟ್ವೀನ್’ ಸೂತ್ರದಿಂದ ಸಾವಿರ ಸಲ ಉರುಳಿಸಿದರೆ ಪ್ರತಿ ಮುಖವೂ ಆರನೇ ಒಂದರ ಹತ್ತಿರಕ್ಕೆ ಬರುವುದನ್ನು ಅವರೇ ಕಾಣುತ್ತಾರೆ.

3. ಉತ್ತರವನ್ನು ನಂಬದಿರಲು ಕಲಿಸಿ. ನನಗೆ ಎಲ್ಲಕ್ಕಿಂತ ಪ್ರಿಯವಾದ ಪಾಠ ಇದು. ಚದುರಂಗದ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು ಎನ್ನುವ ಹಳೆಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ 64 ಸಾಲು ಎಳೆಸಿ, ದಶಮಾಂಶವಿಲ್ಲದ ಸಂಖ್ಯೆಯಾಗಿ ತೋರಿಸಿ. ಕೊನೆಯ ಅಂಕಿ ಮಾತ್ರ ನೋಡಿ ಎನ್ನಿ: 2, 4, 8, 6, ಮತ್ತೆ 2, 4, 8, 6. ಐವತ್ತೊಂದನೇ ಮನೆಯಲ್ಲಿ 1125899906842620 ಎಂದು ಸೊನ್ನೆ ಬಂದು ಕೂರುತ್ತದೆ. ಎರಡರ ಘಾತ ಸೊನ್ನೆಯಲ್ಲಿ ಮುಗಿಯುವುದು ಹೇಗೆ? ಐದರಿಂದ ಭಾಗವಾಗದ ಸಂಖ್ಯೆ ಸೊನ್ನೆಯಲ್ಲಿ ಮುಗಿಯಲಾರದು ಎಂದು ಯಾರಾದರೂ ಹೇಳುವವರೆಗೆ ಸುಮ್ಮನಿರಿ, ಎಷ್ಟೇ ಹೊತ್ತಾಗಲಿ. ಎಕ್ಸೆಲ್ ತೋರಿಸುವುದು ಹದಿನೈದು ಅಂಕಿಗಳನ್ನಷ್ಟೇ, ಉಳಿದದ್ದಕ್ಕೆ ಸೊನ್ನೆ ಹಾಕುತ್ತದೆ. ನಿಜವಾದ ಉತ್ತರದ ಕೊನೆಯಲ್ಲಿ 4 ಇದೆ. ಕಾಗದದ ಮೇಲೆ ಗುಣಿಸಿ ಅದನ್ನು ಹಿಡಿದ ಮಗು ಮುಂದೆ ಯಾವ ಪರದೆಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ.

4. ಗ್ರಾಫಿನ ಬುಡ ನೋಡಿ. ಕರ್ನಾಟಕದ ಜನಸಂಖ್ಯೆ 2001ರ ಜನಗಣತಿಯಲ್ಲಿ ಸುಮಾರು 5.3 ಕೋಟಿ, 2011ರಲ್ಲಿ 6.1 ಕೋಟಿ. ಲಂಬ ಅಕ್ಷವನ್ನು 5 ಕೋಟಿಯಿಂದ ಶುರುಮಾಡಿದರೆ ಎರಡನೇ ಕಂಬ ಮೂರು ಪಟ್ಟಿಗಿಂತ ಎತ್ತರ ಕಾಣುತ್ತದೆ. ಹೆಚ್ಚಿದ್ದು ಶೇಕಡಾ 16ರಷ್ಟು ಮಾತ್ರ. ಸೊನ್ನೆಯಿಂದ ಶುರುವಾಗುವ ಗ್ರಾಫನ್ನೂ ಬರೆಸಿ, ಎರಡನ್ನೂ ಅಕ್ಕಪಕ್ಕ ಇಡಿಸಿ, ಪತ್ರಿಕೆಯ ಗ್ರಾಫುಗಳನ್ನೂ ಹಾಗೆಯೇ ಪರೀಕ್ಷಿಸಲು ಹೇಳಿ.

5. ತರಗತಿಯ ಅಂಕಪಟ್ಟಿಯನ್ನು ಉದಾಹರಣೆಗೆ ಬಳಸಬೇಡಿ. ಕಡಿಮೆ ಅಂಕದ ಮಗುವಿಗೆ ಸರಾಸರಿಯ ಪಾಠ ಅವಮಾನದ ಪಾಠವಾಗುತ್ತದೆ. ಮಳೆ, ಎತ್ತರ, ಬಿಸಿಯೂಟದ ಅಕ್ಕಿ ಸಾಕಷ್ಟಿವೆ.

6. ಕಂಪ್ಯೂಟರ್ ಕಡಿಮೆ ಇದ್ದರೆ ಕೊರಗಬೇಕಿಲ್ಲ. ಒಂದರ ಮುಂದೆ ಇಬ್ಬರನ್ನು ಕೂರಿಸಿ. ಒಬ್ಬರು ಸೂತ್ರ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ, ಅರ್ಧ ಪೀರಿಯಡ್ಡಿಗೆ ಜಾಗ ಬದಲಿಸಲಿ. ಟೈಪ್ ಮಾಡುವವರು ತಾವಾಗಿ ಏನನ್ನೂ ಸೇರಿಸುವಂತಿಲ್ಲ. ಹಾಗಾಗಿ ಹೇಳುವವರು ಆವರಣ ಚಿಹ್ನೆಯನ್ನೂ ಬಿಡದೆ ಹೇಳುತ್ತಾರೆ.